ಮುದ್ದೆಮಾಲು

ಕಂಪ್ಯೂಟರ್ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಯನ್ನು ಮೊದಲು ಆಮ್ಲದಲ್ಲಿ, ಆಮೇಲೆ ನೀರಿನಲ್ಲಿ ತೊಳೆಯಬೇಕಂತೆ. ಈ ವಿಧಾನದ ಪೇಟೆಂಟು ನನ್ನದು, ನನ್ನದು ಎಂದು ಇಬ್ಬರು ಕಾರ್ಖಾನೆ ಯಜಮಾನರು ಕೋರ್ಟಿನ ಮೆಟ್ಟಿಲು ಹತ್ತಿದರು. ಅರ್ಧ ತೊಳೆದಿದ್ದ ಒಂದು ಬಿಲ್ಲೆಯನ್ನು ಸಾಕ್ಷಿಗೆಂದು ಜಪ್ತಿ ಮಾಡಿ, ಅರಗಿನ ಮೊಹರು ಒತ್ತಿ, 'ಮುದ್ದೆಮಾಲು' ಎಂದು ಚೀಟಿ ಅಂಟಿಸಿ ಕೋರ್ಟಿನ ಕಪಾಟಿನಲ್ಲಿಟ್ಟರು.

ಒಂಬತ್ತು ವರ್ಷ ಬಿಲ್ಲೆಯನ್ನು ಮಾತಾಡಿಸಿದವರಿಲ್ಲ. ಹತ್ತನೆಯ ವರ್ಷ ಕಪಾಟಿನ ಸಂದಿಯಿಂದ ಕುಂಬಾರ ಹುಳವೊಂದು ಮಣ್ಣಿನ ಮುದ್ದೆ ಕಚ್ಚಿಕೊಂಡು ಬಂತು. ಚೀಟಿ ಓದಿ ಹಿಗ್ಗಿತು.

"ಮುದ್ದೆ ಇಡುವ ಜಾಗ ಇದೇ ಅಲ್ಲವೇ?"

"ಅಲ್ಲ ತಾಯಿ, ಮುದ್ದೆಮಾಲು ಅಂದರೆ ಜಪ್ತಿಯಾದ ವಸ್ತು. ಆದರೂ ಇಲ್ಲೇ ಇಡಿ, ಹೋಗಬೇಡಿ," ಎಂದಿತು ಬಿಲ್ಲೆ. ಹುಳ ಗೂಡು ಮೆತ್ತುವುದನ್ನು ನೋಡುತ್ತಾ ಬಿಲ್ಲೆಯೇ ಕೇಳಿತು: "ಈ ವಿಧಾನ ಯಾರದು?"

"ಯಾರಿಗೆ ಗೊತ್ತಪ್ಪ? ನಾನು ಕಣ್ಣು ಬಿಡುವಷ್ಟರಲ್ಲಿ ಅಮ್ಮ ಇರಲಿಲ್ಲ. ಮಣ್ಣು ಸಿಕ್ಕಿತು, ಮೆತ್ತಿದೆ."

ಗೂಡು ಮುಗಿಯಿತು, ಹುಳ ಹೋಯಿತು. ಕೆಲವು ದಿನಕ್ಕೆ ಮರಿಗಳೂ ಗೋಡೆ ಕೊರೆದು, ಬಿಲ್ಲೆಯ ಕಡೆ ತಿರುಗಿಯೂ ನೋಡದೆ ಹಾರಿಹೋದವು.

ಅದೇ ವಾರ ತೀರ್ಪು ಬಂತು. ಗೆದ್ದವರು ಪೇಡೆ ಹಂಚಿದರು. ಆ ವಿಧಾನವನ್ನು ಇಬ್ಬರೂ ಕೈಬಿಟ್ಟು ಆರು ವರ್ಷವಾಗಿತ್ತು, ಆ ಮಾತು ಬೇರೆ. ಗುಮಾಸ್ತ ಬಿಲ್ಲೆಯನ್ನು ಹೊರತೆಗೆದು, ಮಣ್ಣು ಕೊಡವಿ, "ಇದು ಯಾರದು?" ಎಂದು ಕೂಗಿದ.

ಬಿಲ್ಲೆ ಕಿವಿಗೊಟ್ಟು ಕಾದು ಕುಳಿತಿತು.

ಹತ್ತು ವರ್ಷ "ನನ್ನದು, ನನ್ನದು" ಎಂದು ಗಂಟಲು ಹರಿದುಕೊಂಡ ಇಬ್ಬರೂ ಮೊದಲ ಸಲ ಒಂದೇ ಮಾತು ಆಡಿದರು: "ನಮ್ಮದಲ್ಲ."