ಮುಸುಕಿನ ಕಲ್ಲು

ಹಳಿಯಾಳದಿಂದ ಯಲ್ಲಾಪುರದ ಕಡೆಗೆ ಕಾಡುದಾರಿ ಹಿಡಿದು ಹೋಗುವವರಿಗೆ, ಬಿದರಗುಂಡಿಯ ಗಡಿ ದಾಟಿದೊಡನೆ ಎಡಗಡೆ ಆಳೆತ್ತರದ ಒಂದು ಬಂಡೆ ಕಾಣುತ್ತದೆ. ಅದರ ನೆತ್ತಿಯಿಂದ ನಡುವಿನವರೆಗೆ ಕೆಂಪಂಚಿನ ಸೀರೆಯೊಂದನ್ನು ಇಳಿಬಿಟ್ಟಿರುತ್ತಾರೆ. ಇದಕ್ಕೆ ಮುಸುಕಿನ ಕಲ್ಲು ಎಂದು ಹೆಸರು. ಎದೆಹಾಲು ಬತ್ತಿದ ಬಾಣಂತಿಯರು ಇಲ್ಲಿಗೆ ಬಂದು ಹರಕೆ ಹೊರುತ್ತಾರೆ. ಮುಸುಕು ಏಕೆಂದು ಕೇಳಿದರೆ ಊರವರು, ಅಮ್ಮನದು ನಾಚಿಕೆಯ ಸ್ವಭಾವ ಎಂದು ಮಾತು ತೇಲಿಸಿಬಿಡುತ್ತಾರೆ. ನಾಚಬೇಕಾದವರು ಯಾರೆಂಬುದು ತಿಳಿಯಬೇಕಾದರೆ ಒಂದು ಹರದಾರಿ ಒಳಗೆ ನಡೆದು ಸಿದ್ದಿಯರ ಕೇರಿಯಲ್ಲಿ ವಿಚಾರಿಸಬೇಕು. ಕಡಲಾಚೆಯ ಆಫ್ರಿಕದಿಂದ ಗುಲಾಮರಾಗಿ ಹಡಗಿನಲ್ಲಿ ಬಂದು, ಒಡೆಯರ ಕೈಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿ ಅವರದು.

ಹಿಂದೆ ಒಮ್ಮೆ ಬಿದರಗುಂಡಿಯ ಗೌಡನ ಹೆಂಡತಿ ಗಂಡು ಹೆತ್ತು ಕಣ್ಣು ಮುಚ್ಚಿದಳು. ಕೂಸಿನ ಬಣ್ಣ ನೋಡಿ ಕೆಂಚನಗೌಡ ಎಂದು ಹೆಸರಿಟ್ಟರು. ಅದು ಹಸುವಿನ ಹಾಲನ್ನು ಕಕ್ಕುತ್ತಿತ್ತು, ಊರಿನಲ್ಲಿ ಬೇರೆ ಬಾಣಂತಿ ಇರಲಿಲ್ಲ. ಕೊನೆಗೆ ಸಿದ್ದಿಯರ ದ್ಯಾವಿಗೆ ಹೇಳಿಕಳಿಸಿದರು. ಅವಳಿಗೆ ಪರ್ಶು ಎಂಬ ಮೂರು ತಿಂಗಳ ಮಗನಿದ್ದನು. ಕರೆಯುವಾಗಲೂ ಊರವರ ಕಟ್ಟುಪಾಡು ಬಿಗಿಯಾಗಿತ್ತು. ಅವಳು ಗಡಿಯ ಒಳಗೆ ಕಾಲಿಡಕೂಡದು, ಈ ಬಂಡೆಯ ಬುಡದಲ್ಲೇ ಕುಳಿತು ಹಾಲೂಡಬೇಕು. ಕಪ್ಪು ಮುಖ ನೋಡಿದರೆ ಕೂಸಿಗೆ ಕಪ್ಪು ಅಂಟುತ್ತದೆಂದು ಹಣೆಯಿಂದ ಎದೆಯವರೆಗೆ ಮುಸುಕು ಹಾಕಿಕೊಳ್ಳಬೇಕು. ಹಾಲು ಬೇಕಿತ್ತು, ಹಾಲು ಕೊಟ್ಟವಳ ಮೋರೆ ಬೇಡವಾಗಿತ್ತು. ದ್ಯಾವಿ ಮೊದಲು ಕೆಂಚನಿಗೆ ಕುಡಿಸಿ, ಉಳಿದದ್ದನ್ನು ಪರ್ಶುವಿಗೆ ಕೊಡುತ್ತಿದ್ದಳು. ಕೆಂಚನನ್ನು ಮನೆಗೆ ಒಯ್ದು ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಿದ್ದರು. ನಾಲ್ಕು ವರ್ಷ ತುಂಬುವವರೆಗೂ ಆ ಹುಡುಗ ಮುಸುಕನ್ನು ಕಂಡರೆ ಓಡಿಬಂದು ತಬ್ಬಿಕೊಳ್ಳುತ್ತಿದ್ದನಂತೆ. ಹಾಲು ಬಿಡಿಸಿದ ಮೇಲೆ ಅವಳನ್ನು ಬರಬೇಡವೆಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ದ್ಯಾವಿ ಮಾತ್ರ ಎಷ್ಟೋ ದಿನ ಮರದ ಮರೆಯಲ್ಲಿ ನಿಂತು ಅವನನ್ನು ನೋಡಿಹೋಗುತ್ತಿದ್ದಳು ಎನ್ನುತ್ತಾರೆ.

ಕೆಂಚನಗೌಡ ಬೆಳೆದು ತಂದೆಯ ಗಾದಿಗೆ ಬಂದನು. ಒಂದು ದಿನ ಅವನ ಮೆಚ್ಚಿನ ಎತ್ತು ಕಾಣೆಯಾಯಿತು. ಅದೇ ದಿನ ಪರ್ಶು ಜೇನುತುಪ್ಪ ಮಾರಲು ಊರ ಬಾಗಿಲಿಗೆ ಬಂದಿದ್ದನು. ಕಳ್ಳನೆನ್ನಲು ಬೇರೆ ಸಾಕ್ಷಿ ಬೇಕಾಗಲಿಲ್ಲ, ಅವನ ಮೈಬಣ್ಣವೇ ಸಾಕಾಯಿತು. ಗೌಡನ ಅಪ್ಪಣೆಯಂತೆ ಹುಣಸೆಮರಕ್ಕೆ ಕಟ್ಟಿ ಬಡಿದರು. ಸಂಜೆಯ ಹೊತ್ತಿಗೆ ಪರ್ಶು ಸತ್ತನು. ಮರುದಿನ ಎತ್ತು ಕಾಡಿನಿಂದ ತಾನಾಗಿಯೇ ಮನೆಗೆ ಬಂದಿತು.

ಆರನೆಯ ದಿನ ಬೇಟೆಗೆಂದು ಒಬ್ಬನೇ ಬಂದ ಗೌಡನನ್ನು ಸಿದ್ದಿಯರು ಹಿಡಿದು, ಕೈಕಟ್ಟಿ, ಈ ಬಂಡೆಯ ಬಳಿಗೆ ತಂದರು. ಕೊಲೆಗೆ ಕೊಲೆ ಎನ್ನುವಾಗ ಸತ್ತವನ ತಾಯಿಯೇ ಕೊಡಲಿ ಎತ್ತಿಕೊಡಬೇಕು, ಅವಳು ಕೊಡದೆ ಯಾರೂ ಕೈಯೆತ್ತಕೂಡದು ಎಂಬುದು ಅವರ ಕಟ್ಟಳೆ. ದ್ಯಾವಿಯನ್ನು ಕರೆತಂದರು. ಅವಳಿಗೂ ಕರುಳು ಬೆಂದಿತ್ತು, ಕೊಡಲಿಯ ಕಾವು ಹಿಡಿದದ್ದೂ ನಿಜ. ಗೌಡ ಅವಳ ಬರಿಮುಖ ಕಂಡು, ಸಾಯುವ ಗಳಿಗೆಯಲ್ಲೂ ಹೇಸಿಗೆಯಿಂದ ಮೋರೆ ತಿರುಗಿಸಿದನು. ಆಗ ಅವಳು ಕೊಡಲಿಯನ್ನು ನೆಲಕ್ಕಿಟ್ಟು, ಸೆರಗನ್ನು ಹಣೆಯಿಂದ ಎದೆಯವರೆಗೆ ಇಳಿಬಿಟ್ಟುಕೊಂಡಳು.

“ಈಗ ಗುರುತು ಸಿಕ್ತೇನೋ, ಮಗಾ?” ಎಂದಳು.

ಗೌಡ ಮೋರೆ ಹೊರಳಿಸಿ ಆ ಮುಸುಕಿನ ಕಡೆಗೆ ಒಂದು ಹೆಜ್ಜೆ ಇಟ್ಟನು. ದ್ಯಾವಿ ತನ್ನವರ ಕಡೆಗೆ ತಿರುಗಿ, “ಒಂದೇ ಎದೆಹಾಲು ಕುಡದವರು ಇಬ್ರು. ಒಬ್ಬನ್ನ ಅವರು ಕೊಂದ್ರು, ಇನ್ನೊಬ್ಬನ್ನ ನೀವು ಕೊಲ್ಲಬ್ಯಾಡಿ” ಎಂದು ಹೇಳಿ, ತಾನೇ ಅವನ ಕಟ್ಟು ಬಿಚ್ಚಿದಳು. ಅವನು ಏನಾದರೂ ಹೇಳಿಯಾನೆಂದು ಮುಸುಕಿನೊಳಗೇ ಕಾದಳು. ಅವನು ಊರಿನ ಕಡೆಗೆ ಓಡಿದನು.

ಮನೆಗೆ ಹೋದವನು ಈ ವಿಷಯ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ದ್ಯಾವಿ ಬದುಕಿದ್ದಷ್ಟು ದಿನ ಅವಳ ಗುಡಿಸಲಿನ ಕಡೆ ತಲೆಹಾಕಲಿಲ್ಲ. ಅವಳು ಸತ್ತಳೆಂದು ಕೇಳಿದ ಮೇಲೆ ಬಂಡೆಗೆ ಪೂಜೆ ಇಡಿಸಿದನು. ಇಡಿಸುವ ಮೊದಲು, ಬಂಡೆ ಕಪ್ಪಗಿದೆಯೆಂದು ಅದಕ್ಕೆ ಸುಣ್ಣ ಹೊಡೆಸಿದನು. ಇಂದಿಗೂ ವರ್ಷಕ್ಕೆರಡು ಸಲ ಸುಣ್ಣವಾಗುತ್ತದೆ, ಸೀರೆ ಸರಿಸಿ ನೋಡಿದವರಿಗೆ ಅದರ ದಪ್ಪ ಪದರ ಕಾಣುತ್ತದೆ. ಸುತ್ತಲೂ ಬೇಲಿಯಿದೆ. ಪ್ರತಿವರ್ಷ ಹೊಸ ಸೀರೆ ತರುವವರು ದ್ಯಾವಿಯ ಕೇರಿಯ ಹೆಂಗಸರೇ. ಅವರು ಅದನ್ನು ಬೇಲಿಯ ಮೇಲಿಟ್ಟು ಹಿಂದೆ ಸರಿದರೆ, ಪೂಜಾರಿ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಾನೆ. ಇಷ್ಟಾದರೂ ಏಕೆ ತರುತ್ತೀರಿ ಎಂದು ಕೇಳಿದವರಿಗೆ ಆ ಹೆಂಗಸರು ಹೇಳುವುದು ಇಷ್ಟೆ: “ನಮ್ಮಜ್ಜಿ ಇವರನ್ನ ಮಕ್ಕಳು ಅಂದಾಳೆ. ಕೂಸು ಒದೀತು ಅಂತ ತಾಯಿ ಹಾಲು ನಿಲ್ಸತಾಳೇನು?”

ಒಳಗೆ ಬನ್ನಿ ಎಂದು ಅವರನ್ನು ಈವರೆಗೆ ಯಾರೂ ಕರೆದಿಲ್ಲ.