ಗುನುಗುವ ಮಂಕರಿ

ಒಂದಾನೊಂದು ಕಾಲದಲ್ಲಿ, ಅದು ಯಾವ ಕಾಲ ಅಂತ ಮಧ್ಯೆ ಬಾಯಿ ಹಾಕಬೇಡ, ರಾಜರೂ ಇದ್ದರು, ದಿನಾ ಬೆಳಿಗ್ಗೆ ಪೇಪರೂ ಬರ್ತಿತ್ತು, ಅಂಥ ಕಾಲದಲ್ಲಿ ಮಲ್ಲರಾಜ ಅಂತ ಒಬ್ಬ ರಾಜ ಇದ್ದನಂತೆ. ಹೂಂ ಅನ್ನು. ನೀನು ಹೂಂ ಅಂದ್ರೇನೇ ಕತೆ ಮುಂದಕ್ಕೆ ಹೋಗೋದು. ಆ ರಾಜನಿಗೆ ಕತ್ತಿ ತಿರುಗಿಸೋಕೆ ಬರ್ತಿತ್ತು, ಕುದುರೆ ಹತ್ತೋಕೆ ಬರ್ತಿತ್ತು, ಓದೋಕೆ ಮಾತ್ರ ಒಂದಕ್ಷರ ಬರ್ತಿರಲಿಲ್ಲವಂತೆ. ಅದಕ್ಕೇ ಅವನ ರಾಣಿ ಹೊನ್ನಾಜಮ್ಮ ದಿನಾ ಬೆಳಿಗ್ಗೆ ಜಗಲಿ ಮೇಲೆ ಕೂತು, ಪೇಪರನ್ನ ಮೊದಲಿಂದ ಕೊನೇವರೆಗೂ ಓದಿ ಹೇಳ್ತಿದ್ದಳಂತೆ. ಎಲ್ಲಿ ಹೊಳೆ ಉಕ್ಕಿತು, ಯಾವ ಊರಲ್ಲಿ ಹೊಡೆದಾಟ ಆಯ್ತು, ಬೆಲ್ಲ ಯಾಕೆ ತುಟ್ಟಿ ಆಯ್ತು, ಎಲ್ಲಾ. ರಾಜ ಹಲ್ಲುಜ್ಜುತ್ತಾ ಕೇಳ್ತಿದ್ದ, ಮಗಳು ಪುಟ್ಟಮ್ಮಣ್ಣಿ ಅಮ್ಮನ ತೊಡೆ ಮೇಲೆ ಕೂತು ಕೇಳ್ತಿದ್ದಳು. ಇಬ್ಬರಿಗೂ ಸುದ್ದಿ ತಲೆಗೆ ಹೋಗ್ತಿರಲಿಲ್ಲ, ಆ ದನಿ ಕಿವಿಗೆ ಬೀಳ್ತಿದ್ರೆ ಸಾಕಾಗಿತ್ತಂತೆ.

ಆಮೇಲೆ ಒಂದು ವರ್ಷ ರಾಣಿಗೆ ಜ್ವರ ಬಂತು, ಆ ಜ್ವರದಲ್ಲೇ ತೀರಿಕೊಂಡಳಂತೆ. ಹೌದು ಕಂದ, ಕತೆಯಲ್ಲೂ ಒಮ್ಮೊಮ್ಮೆ ಹಂಗಾಗುತ್ತೆ. ರಾಜ ಪೇಪರು ತರಿಸೋದನ್ನೇ ನಿಲ್ಲಿಸಿಬಿಟ್ಟ. ಆದರೆ ಅವಳು ಓದಿದ್ದ ಹಳೇ ಪೇಪರನ್ನೆಲ್ಲ ಒಂದು ಕೋಣೇಲಿ ಪೇರಿಸಿಟ್ಟು, ಒಂದು ಹಾಳೆನೂ ಅರಮನೆ ಹೊಸ್ತಿಲು ದಾಟಕೂಡದು ಅಂತ ಅಪ್ಪಣೆ ಮಾಡಿದನಂತೆ. ಅವತ್ತಿಂದ ಒಂದು ವಿಚಿತ್ರ ಶುರುವಾಯ್ತು. ದೀಪ ಹಚ್ಚೋ ಹೊತ್ತಾಯ್ತು ಅಂದ್ರೆ ಆ ಪೇಪರೆಲ್ಲ ಮಾತಾಡೋಕೆ ಶುರುಮಾಡೋವು. ಯಾರ ದನೀಲಿ ಅಂತೀಯಾ? ರಾಣಿ ದನೀಲೇ. ಹೊಳೆ ಉಕ್ಕಿತು ಅಂತ ಒಂದು ಹಾಳೆ, ಕಳ್ಳ ಸಿಕ್ಕಿಬಿದ್ದ ಅಂತ ಇನ್ನೊಂದು ಹಾಳೆ, ಕೋಳಿ ಕೂಗೋ ತನಕ ಇದೇ.

ಪುಟ್ಟಮ್ಮಣ್ಣಿಗೆ ನಿದ್ದೆ ಹಾರಿಹೋಯ್ತು. ಕಣ್ಣು ಗುಳಿ ಬಿತ್ತು, ಕೆನ್ನೆ ಇಳಿದುಹೋಯ್ತು, ಅನ್ನ ಕಲಸಿ ಬಾಯಿಗಿಟ್ಟರೆ ನುಂಗೋಕೂ ತ್ರಾಣ ಇಲ್ಲ. ಇನ್ನೂ ಹಿಂಗೇ ನಿದ್ದೆಗೆಟ್ಟರೆ ಮಗು ಉಳಿಯೋದು ಕಷ್ಟ ಸ್ವಾಮಿ ಅಂದುಬಿಟ್ಟರಂತೆ ವೈದ್ಯರು. ಆ ಪೇಪರಿಗೆ ಬೆಂಕಿ ಇಡಿ ಅಂತ ಮಂತ್ರಿ ಹೇಳಿದ. ರಾಜನಿಗೆ ಕೈ ಬರಲಿಲ್ಲ. ಮಗಳೂ ಉಳೀಬೇಕು, ದನಿಯೂ ಉಳೀಬೇಕು, ಅವನ ಸಂಕಟ ಅದು. ಒಂದು ಹಾಳೆನೂ ಹಾಳಾಗದ ಹಾಗೆ ನನ್ನ ಮಗಳನ್ನ ಯಾರು ಮಲಗಿಸ್ತಾರೋ ಅವರು ಕೇಳಿದ್ದು ಕೊಡ್ತೀನಿ ಅಂತ ಡಂಗುರ ಹೊಡೆಸಿದನಂತೆ.

ಮೊದಲು ಒಬ್ಬ ಪೊಟ್ಟಣದವನು ಬಂದ. ದೊಡ್ಡ ಹಾಳೆ ಆದ್ದರಿಂದ ದೊಡ್ಡ ಗಲಾಟೆ ಸ್ವಾಮಿ, ಚಿಕ್ಕದು ಮಾಡಿ ಬಾಯಿ ಮುಚ್ಚಿಸ್ತೀನಿ ಅಂದನಂತೆ. ಒಂದಷ್ಟು ಪೇಪರು ಕತ್ತರಿಸಿ, ಮೈದಾ ಅಂಟು ಕುದಿಸಿ, ಸರಸರ ಅಂತ ಪೊಟ್ಟಣ ಮಾಡಿ, ಅರಮನೆ ಮೆಣಸು, ಜೀರಿಗೆ, ತೊಗರಿಬೇಳೆ ಎಲ್ಲಾ ತುಂಬಿ ದಾರ ಸುತ್ತಿಟ್ಟ. ಸಾಯಂಕಾಲ ಅಡಿಗೆ ಭಟ್ಟರು ಸಾರಿಗೆ ಅಂತ ಜೀರಿಗೆ ಪೊಟ್ಟಣ ಬಿಚ್ಚಿದರೆ, ಕಳ್ಳ ಸಿಕ್ಕಿಬಿದ್ದ ಅಂತು ಪೊಟ್ಟಣ. ಭಟ್ಟರು ಸೌಟು ಎಸೆದು ಓಡಿದರಂತೆ. ಯಾಕೆ ಓಡಿದರೋ, ಮನೆಗೆ ತುಪ್ಪ ಸಾಗಿಸ್ತಿದ್ದರೋ ಏನೋ ನನಗೆ ಗೊತ್ತಿಲ್ಲಪ್ಪ. ಆ ಮಗು ಮಾತ್ರ ಅಡಿಗೆಮನೇಲಿ ಕೂತು ಒಂದೊಂದೇ ಪೊಟ್ಟಣ ಬಿಚ್ಚಿ ಕಿವಿಗೆ ಇಟ್ಕೊಳ್ತಿತ್ತಂತೆ.

ಆಮೇಲೆ ಒಬ್ಬ ಹೂವಿನವನು ಬಂದ. ಉಳಿದಿದ್ದರಲ್ಲಿ ಇನ್ನೊಂದಷ್ಟು ಪೇಪರು ಮಡಚಿ, ಕತ್ತರಿಸಿ, ಬಣ್ಣ ಅದ್ದಿ, ಸೇವಂತಿಗೆ ಏನು, ದಾಸವಾಳ ಏನು, ಬಾಗಿಲಿಗೆ ತೋರಣ ಏನು, ಮಗು ಕೋಣೆ ತುಂಬಾ ಕಟ್ಟಿದನಂತೆ. ನೋಡೋಕೆ ಎರಡು ಕಣ್ಣು ಸಾಲದು. ಆದರೆ ಗಾಳಿ ಬೀಸಿತೋ ಇಲ್ಲವೋ, ಒಂದೊಂದು ಎಸಳೂ ಪಿಸಪಿಸ ಅನ್ನೋಕೆ ಶುರು. ಮಗು ಹಾಸಿಗೆ ಬಿಟ್ಟು ಎದ್ದು, ತೋರಣದ ಕೆಳಗೆ ಕತ್ತೆತ್ತಿ ನಿಂತೇ ಬೆಳಗು ಮಾಡಿತಂತೆ. ಹೂಂ ಅನ್ನು.

ಮೂರನೆಯದಾಗಿ ಬಂದವಳು ರಾಣಿಯ ತಾಯಿ, ಸಣ್ಣತಾಯಮ್ಮ. ಅವಳೇನು ಡಂಗುರ ಕೇಳಿ ಬರಲಿಲ್ಲ. ಮೊಮ್ಮಗಳಿಗೆ ಹುಷಾರಿಲ್ಲ ಅಂತ ಗೊತ್ತಾಗಿ, ಸೀರೆ ಗಂಟಲ್ಲಿ ಒಂದಿಷ್ಟು ಹುರಿಹಿಟ್ಟು ಕಟ್ಕೊಂಡು ಗಾಡಿ ಹತ್ತಿ ಬಂದಳು. ಬಂದವಳಿಗೆ ಕೋಣೆ ಬಾಗಿಲಲ್ಲೇ ಸತ್ತ ಮಗಳ ದನಿ ಕೇಳಿಸ್ತಲ್ಲ, ಅಲ್ಲೇ ಕೂತುಬಿಟ್ಟಳಂತೆ. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಸೆರಗಲ್ಲಿ ಮುಖ ಒರೆಸ್ಕೊಂಡು, ಅಳಿಯಂದಿರೇ, ಅಷ್ಟು ಜನರನ್ನ ಕರೆಸಿದ್ರಲ್ಲ, ಯಾಕೆ ಮಲಗಲ್ಲ ಅಂತ ಈ ಮಗೂನ ಯಾರಾದ್ರೂ ಕೇಳಿದ್ರಾ ಅಂದಳಂತೆ. ಯಾರೂ ಕೇಳಿರಲಿಲ್ಲ.

ಸಣ್ಣತಾಯಮ್ಮ ಮಗೂನ ತೊಡೆ ಮೇಲೆ ಎಳ್ಕೊಂಡು, ಆ ಸದ್ದಿಗೆ ನಿದ್ದೆ ಬರಲ್ವೇನೇ ಚಿನ್ನ ಅಂತ ಕೇಳಿದಳು. ಮಗು ಹಂಗಲ್ಲ ಅಂತ ತಲೆ ಆಡಿಸಿತು.

“ನಿದ್ದೆ ಬರ್ತದೆ ಅಜ್ಜಿ. ನಾನೇ ತಡ್ಕೊಂಡಿದೀನಿ. ನಾನು ಮಲಗಿದ್ರೆ, ಕೇಳೋರಿಲ್ಲ ಅಂತ ಅಮ್ಮ ನಿಲ್ಲಿಸಿಬಿಡ್ತಾಳೆ.”

ಬಾಗಿಲ ಹಿಂದೆ ನಿಂತಿದ್ದ ರಾಜನೂ ಅದನ್ನ ಕೇಳಿಸ್ಕೊಂಡನಂತೆ. ಅವನೂ ಅದೇ ಭಯದಲ್ಲೇ ಅಲ್ಲವಾ ಹಾಳೆ ಕಾಯ್ತಿದ್ದದ್ದು!

ಆಮೇಲೆ ಸಣ್ಣತಾಯಮ್ಮ ದನದ ಹಟ್ಟೀಲಿ ಹುಡುಕಾಡಿ, ಭತ್ತ ತುಂಬೋ ದೊಡ್ಡ ಬಿದಿರಿನ ಮಂಕರಿ ಒಂದನ್ನ ಎಳೆದು ತಂದಳಂತೆ. ಹಳೇದು, ಮೈಯೆಲ್ಲ ತೂತು. ನಮ್ಮೂರಲ್ಲಿ ಮೊರ ತೂತು ಬಿದ್ರೆ ಹಳೇ ಪೇಪರು ನೆನೆಹಾಕಿ, ಮೆಂತ್ಯ ಹಾಕಿ ರುಬ್ಬಿ ಬಳೀತೀವಿ, ಇದಕ್ಕೂ ಹಂಗೇ ಬಳಿಯೋಣ, ಮಗೂಗೆ ಒಳಗೆ ಹಾಸಿಗೆ ಹಾಕೋಣ ಅಂದಳು. ಹಾಳೆ ಒಂದೂ ಹೊರಗೆ ಹೋಗಲ್ಲ, ಬರೀ ಶಾಯಿ ಹೋಗ್ತದೆ. ಯುದ್ಧ, ಕಳ್ಳತನ ಎಲ್ಲಾ ಯಾರೋ ಅಚ್ಚು ಹಾಕಿದ್ದು, ನನ್ನ ಮಗಳದ್ದು ಅದರಲ್ಲಿ ದನಿ ಒಂದೇ, ಅದು ಉಳೀಬಹುದು ಅಂತ. ರಾಜ ಗಾಬರಿಯಾಗಿ, ಉಳೀದೆ ಹೋದ್ರೆ ಅತ್ತೆ ಅಂದ.

“ಗೊತ್ತಿಲ್ಲ. ನನಗೂ ಭಯ ಆಗ್ತದೆ. ಆದರೆ ಹೋದವಳ ದನಿಗೋಸ್ಕರ ಇರೋ ಮಗೂನ ಕಳ್ಕೊಳ್ಳೋಕೆ ನನ್ನ ಮಗಳು ಒಪ್ತಿರಲಿಲ್ಲ.”

ರಾಜ ಹರಿಯೋಕೆ ಅಂತ ಹಾಳೆ ಎತ್ತೋನು, ಮತ್ತೆ ಕೆಳಗಿಡೋನು, ಅಜ್ಜಿಯೂ ಹಂಗೇ. ಇಬ್ಬರನ್ನೂ ನೋಡಿ, ಪುಟ್ಟಮ್ಮಣ್ಣಿನೇ ಮೊದಲನೇ ಹಾಳೆ ತಗೊಂಡು, ಅಮ್ಮ ಒಂಚೂರು ತಡ್ಕೋ ಅಂತ ಹೇಳಿ ಪರ್ ಅಂತ ಹರಿದಳಂತೆ. ಆಮೇಲೆ ಮೂವರೂ ಕೂತು ಹರಿದರು. ಪೊಟ್ಟಣ ಬಿಚ್ಚಿ ಹರಿದರು, ಹೂವು ಬಿಚ್ಚಿ ಹರಿದರು, ಎಲ್ಲಾ ಹಂಡೇಲಿ ನೆನೆಹಾಕಿದರು. ಮೂರು ದಿನ ನೀರು ಬದಲಾಯಿಸಿ ಬದಲಾಯಿಸಿ, ಆ ಕಪ್ಪು ನೀರನ್ನ ಬಾಳೆ ಬುಡಕ್ಕೆ ಚೆಲ್ಲಿದರಂತೆ. ಊರೂರ ಹೊಡೆದಾಟ, ಪ್ರವಾಹ ಎಲ್ಲಾ ಬಾಳೆ ಬುಡ ಸೇರಿತು. ಆಮೇಲೆ ನೆನೆದ ಮೆಂತ್ಯ ಸೇರಿಸಿ ಒರಳಲ್ಲಿ ಹಾಕಿದರು. ಮೆಂತ್ಯ ಯಾಕೆ ಗೊತ್ತಾ? ಅಂಟು ಬರ್ತದೆ, ಕಹಿ ಇರೋದಕ್ಕೆ ಹುಳಾನೂ ಮುಟ್ಟಲ್ಲ. ರುಬ್ಬಿದ್ದು ಯಾರು ಅಂತೀಯಾ? ಸಾಕ್ಷಾತ್ ರಾಜನೇ! ಕಿರೀಟ ಜಾರ್ತದೆ ಅಂತ ಅದನ್ನ ಗೂಟಕ್ಕೆ ಸಿಕ್ಕಿಸಿ, ಅಂಗಿ ತೋಳು ಮಡಚಿ ರುಬ್ಬಿದನಂತೆ. ಬೆಣ್ಣೆ ಥರಾ ನುಣ್ಣಗಾಗೋ ತನಕ ಅತ್ತೆ ಬಿಡಲಿಲ್ಲ.

ಮಂಕರಿ ಒಳಗೂ ಹೊರಗೂ ಬಳಿದರು. ಮಿಕ್ಕಿದ್ದರಲ್ಲಿ ಒಂದು ಬೋಗುಣಿಗೆ ಎಣ್ಣೆ ಸವರಿ, ಬೋರಲು ಹಾಕಿ, ಅದರ ಮೇಲೆ ಮೆತ್ತಿ, ರಾಜನಿಗೆ ಎಲೆಅಡಿಕೆ ಬುಟ್ಟಿ ಮಾಡಿದರು. ಇನ್ನೂ ಮಿಕ್ಕಿದ್ದನ್ನ ಅಜ್ಜಿ ಒಂದು ಮೊರಕ್ಕೆ ಬಳಿದಳು. ಮೂರನ್ನೂ ಬಿಸಿಲಿಗಿಟ್ಟರು. ಅವು ಒಣಗೋ ತನಕ ಅರಮನೆ ಗಪ್ ಅಂತ ಇತ್ತಂತೆ. ರಾಜ ಗಳಿಗೆಗೊಂದು ಸಲ ಹೋಗಿ ಮಂಕರಿಗೆ ಕಿವಿ ಇಡೋನು. ಏನೂ ಇಲ್ಲ. ಕಳ್ಕೊಂಡೆ ಅತ್ತೆ, ಎರಡನೇ ಸಲ ಕಳ್ಕೊಂಡೆ ಅಂತ ಮಗು ಥರಾ ಅತ್ತುಬಿಟ್ಟನಂತೆ. ಸಣ್ಣತಾಯಮ್ಮ ಅವನ ಬೆನ್ನು ಸವರಿ, ಒಣಗಲಿ ಇರಿ ಅಂದಳು.

ಒಣಗಿತು. ಒಳಗೆ ರಾಣಿಯ ಹಳೇ ಸೀರೆ ಮಡಚಿ ಹಾಸಿ, ದೀಪ ಹಚ್ಚೋ ಹೊತ್ತಿಗೆ ಮಗೂನ ಎತ್ತಿ ಮಲಗಿಸಿದರು. ಮಗು ಮಂಕರಿ ಗೋಡೆಗೆ ಕೆನ್ನೆ ಒತ್ತಿತು. ಕೆನ್ನೆ ಬಿಸಿ ತಾಗಿತು ನೋಡು, ಮಂಕರಿ ಮೆಲ್ಲಗೆ ಗುನುಗೋಕೆ ಶುರುಮಾಡ್ತಂತೆ. ಮಾತಿಲ್ಲ, ಸುದ್ದಿಯಿಲ್ಲ. ಹೂಂ... ಹೂಂ... ಅಂತ, ಬರೀ ದನಿ.

ಏನು ಹೇಳ್ತಾಳೆ ನಿಮ್ಮಮ್ಮ ಅಂತ ರಾಜ ಬಗ್ಗಿ ಮಗಳನ್ನ ಕೇಳಿದ.

“ಏನೂ ಹೇಳ್ತಿಲ್ಲ ಅಪ್ಪಾಜಿ. ಸುಮ್ನೆ ಜೊತೆಗಿದ್ದಾಳೆ.”

ಅಷ್ಟು ಹೇಳಿ ಪುಟ್ಟಮ್ಮಣ್ಣಿ ಒಂದು ಆಕಳಿಕೆ ತೆಗೆದು ಕಣ್ಣು ಮುಚ್ಚಿದಳು. ಈಗ ನಿಲ್ತದೇನೋ, ಈಗ ನಿಲ್ತದೇನೋ ಅಂತ ರಾಜನೂ ಅಜ್ಜಿಯೂ ಮಂಕರಿ ಎರಡು ಪಕ್ಕ ಕೂತು ಕಾದರಂತೆ. ನಿಲ್ಲಲಿಲ್ಲ. ಮಗು ಮಲಗಿದ ಮೇಲೂ ಗುನುಗ್ತಾನೇ ಇತ್ತು. ಮಗು ಎದ್ದಾಗ ಬಿಸಿಲು ಅಂಗಳಕ್ಕೆ ಬಂದಿತ್ತು, ಹೊಟ್ಟೆ ಹಸಿವು ಅಂತ ಹುರಿಹಿಟ್ಟು ಕೇಳಿತಂತೆ.

ಆಮೇಲೆ ಮಗು ಗುಂಡಗುಂಡಗೆ ಆಯ್ತು. ರಾಜ ಎಲೆ ಹಾಕ್ಕೊಳ್ಳೋವಾಗೆಲ್ಲ ಬುಟ್ಟಿ ಅವನ ಜೊತೆ ಗುನುಗೋದು. ಕೇಳಿದ್ದು ಕೊಡ್ತೀನಿ ಅಂದಿದ್ದನಲ್ಲ, ಸಣ್ಣತಾಯಮ್ಮ ಆ ಮೊರ ಒಂದನ್ನ ಕೇಳಿ ತಗೊಂಡು ಊರಿಗೆ ಹೋದಳು. ಅಕ್ಕಿ ಕೇರೋವಾಗೆಲ್ಲ ಮಗಳು ಪಕ್ಕದಲ್ಲೇ ಕೂತಂಗಾಗ್ತಿತ್ತಂತೆ.

ಹೂಂ ಅನ್ನು... ಅನ್ನಲ್ವಾ? ಕಣ್ಣು ಮುಚ್ಚಿಬಿಟ್ಯಾ? ಸರಿ ಬಿಡು, ನಿನ್ನ ಬದಲು ನಾನೇ ಹೂಂ ಅಂತೀನಿ. ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಬೆಚ್ಚಗಿದ್ದೀವಿ. ಕತೆ ಮುಗೀತು ಕಂದ, ನಾನು ಇಲ್ಲೇ ಇದ್ದೀನಿ.