ನೀರುಗಂಟಿಯ ಗದ್ದೆ

“ಉಪದೇಶಿಗಳೇ, ದೇವರು ನ್ಯಾಯವಂತ ಅಂತೀರಿ. ಅದೇ ಬಾಯಲ್ಲಿ, ತಪ್ಪು ಮಾಡಿದವರನ್ನ ಕ್ಷಮಿಸ್ತಾನೆ ಅಂತಲೂ ಅಂತೀರಿ. ಎರಡೂ ಒಟ್ಟಿಗೆ ಹೆಂಗಾಯ್ತದೆ?”

ಕೇಳಿದವನು ಚೌರಪ್ಪ, ಉಪದೇಶಿ ಇನ್ನಾಸಪ್ಪನವರ ಶಿಷ್ಯ. ಅವನ ಅವರೆ ಹೊಲಕ್ಕೆ ಬೇಕೆಂದೇ ದನ ಬಿಟ್ಟಿದ್ದ ನೆರೆಯವನು ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಿಕೊಂಡು, ಆ ಭಾನುವಾರ ಚರ್ಚಿನಲ್ಲಿ ಚೌರಪ್ಪನ ಪಕ್ಕದಲ್ಲೇ ನಿಂತು ಪರಮಪ್ರಸಾದ ಸ್ವೀಕರಿಸಿದ್ದ. ಅದು ಚೌರಪ್ಪನಿಗೆ ಸಹಿಸಲಾಗಿರಲಿಲ್ಲ. ಇನ್ನಾಸಪ್ಪನವರು ವಾದಕ್ಕೆ ಇಳಿಯಲಿಲ್ಲ. ಕತೆ ಹೇಳಿದರು.

ಒಂದು ಊರಿಗೆ ಒಂದು ಕೆರೆ ಇತ್ತು. ತೂಬು ಎತ್ತಿ, ಸರದಿಯ ಪ್ರಕಾರ ಗದ್ದೆಗದ್ದೆಗೆ ನೀರು ಹಾಯಿಸುವ ಕೆಲಸ ನೀರುಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅವನೇ ಹೇಳಬೇಕು, ಉಳಿದವರು ಕೇಳಬೇಕು. ಅವನಿಗೂ ಒಂದು ಚಿಕ್ಕ ಗದ್ದೆಯಿತ್ತು. ಎಲ್ಲರದೂ ಮುಗಿದ ಮೇಲೆ ಕೊನೆಯ ಸರದಿ ಅವನದು. ಬೇರೆಯವರ ಸರದಿಯಲ್ಲಿ ಕಾಲುವೆ ಒಡೆದವನು ತನ್ನ ಸರದಿ ಕಳೆದುಕೊಳ್ಳಬೇಕು ಎಂಬುದು ಆ ಕೆರೆಯ ಕಟ್ಟಳೆ.

ಒಂದು ವರ್ಷ ಪೈರು ಹೊಡೆಯಾಗಿ ತೆನೆ ಬರುವ ಹೊತ್ತಿಗೆ ಕೆರೆಯಲ್ಲಿ ಎಲ್ಲರ ಗದ್ದೆಗೂ ಒಂದೇ ಒಂದು ಸುತ್ತು ಹಾಯಿಸುವಷ್ಟು ನೀರು ಉಳಿಯಿತು. ಆ ನೀರು ಸಿಕ್ಕ ಗದ್ದೆ ತೆನೆ ಕಾಣುತ್ತದೆ, ಸಿಗದ್ದು ಹುಲ್ಲಾಗುತ್ತದೆ. ಒಬ್ಬ ರೈತನಿಗೆ ತನ್ನ ಸರದಿ ಬರುವವರೆಗೆ ತಡೆಯಲಾಗಲಿಲ್ಲ. ಕೆಳಗದ್ದೆಯ ಮುದುಕಿಯ ಸರದಿ ನಡೆದಿತ್ತು. ಅವಳು ಉಣ್ಣಲು ಮನೆಗೆ ಹೋದದ್ದನ್ನು ನೋಡಿಕೊಂಡು, ರೈತ ಕಾಲುವೆಯನ್ನು ಒಡೆದು ನೀರನ್ನು ತನ್ನ ಗದ್ದೆಗೆ ತಿರುಗಿಸಿದ. ಗುದ್ದಲಿ ಕೈಯಲ್ಲಿರುವಾಗಲೇ ಸಿಕ್ಕಿಬಿದ್ದ.

ಊರು ಸೇರಿತು. ಮಕ್ಕಳೊಂದಿಗ, ಈ ಸಲ ಬಿಟ್ಟುಬಿಡು ಎಂದು ನಾಲ್ಕು ಜನ ರೈತನ ಪರವಾಗಿ ಹೇಳಿದರು. ರೈತನೂ ತಲೆ ತಗ್ಗಿಸಿ ಕೈ ಮುಗಿದ.

“ನಾನು ಬಿಡಬಹುದು,” ಎಂದ ನೀರುಗಂಟಿ. “ಅಜ್ಜಿ ಗದ್ದೆಗೆ ನೀರು ಯಾರು ಕೊಡ್ತೀರಿ?”

ರೈತನ ಪರವಾಗಿ ಮಾತಾಡಿದ ನಾಲ್ವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಇನ್ನೊಬ್ಬರ ನಷ್ಟವನ್ನು ಮನ್ನಿಸುವಾಗ ನಮ್ಮ ಕೈ ಬಲು ಧಾರಾಳ. ನೀರುಗಂಟಿ ಕಟ್ಟಳೆಯಂತೆ ರೈತನ ಸರದಿಯನ್ನು ಕಿತ್ತು ಮುದುಕಿಗೆ ಕೊಟ್ಟುಬಿಟ್ಟ. ರೈತ ಕದ್ದ ನೀರನ್ನು ಅವನ ಒಣನೆಲ ಆಗಲೇ ಕುಡಿದು ಮುಗಿಸಿತ್ತು, ಪೈರಿನ ಬೇರು ಮಾತ್ರ ತಣಿದಿರಲಿಲ್ಲ.

ರೈತ ಮನೆಗೆ ಹೋಗಿ ಉಣ್ಣಲು ಕುಳಿತವನು ತಟ್ಟೆ ಸರಿಸಿ ಎದ್ದ. ಈ ವರ್ಷ ಮಕ್ಕಳಿಗೆ ಏನು ಬೇಯಿಸುವುದು ಎಂಬ ಭಯ ಅವನನ್ನು ಹಿಂಡಿತು. ಆದರೂ ಅವನಿಗೆ ಸಿಟ್ಟು ಬಂದದ್ದು ತನ್ನ ಮೇಲಲ್ಲ, ನೀರುಗಂಟಿಯ ಮೇಲೆ. ಅವನ ಎದೆಯಲ್ಲಿರುವುದು ಕಲ್ಲು ಎಂದು ಹೆಂಡತಿಯ ಮುಂದೆ ಬಾಯಿಗೆ ಬಂದಂತೆ ಬೈದ. ತನ್ನ ಸರದಿಯ ನೀರು ತನ್ನ ಕಣ್ಣೆದುರೇ ಮುದುಕಿಯ ಗದ್ದೆಗೆ ಹರಿದು ಹೋಗುವಾಗ ಮುಖ ತಿರುಗಿಸಿಕೊಂಡು ನಿಂತ.

ಸುತ್ತು ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ರೈತ ಗದ್ದೆಗೆ ಹೋಗಿ ನೋಡುತ್ತಾನೆ, ಅವನ ಬದುವಿನ ತನಕ ನೀರು ಬಂದು ನಿಂತಿದೆ. ಮತ್ತೆ ಕದ್ದ ಎನ್ನುತ್ತಾರೆ, ಊರಲ್ಲಿ ತಲೆಯೆತ್ತುವ ಹಾಗಿಲ್ಲ ಎಂದುಕೊಂಡು ಕಾಲುವೆಯ ಏರಿ ಹಿಡಿದು ತೂಬಿನ ಕಡೆಗೆ ಓಡಿದ. ದಾರಿಯಲ್ಲಿ ನೀರುಗಂಟಿಯ ಗದ್ದೆ. ಅದಕ್ಕೆ ನೀರು ಹೋಗುವ ಮಡೆಯನ್ನು ಹಸಿಮಣ್ಣು ಮೆತ್ತಿ ಮುಚ್ಚಲಾಗಿತ್ತು. ಪೈರು ಆಗಲೇ ಹಳದಿಗೆ ತಿರುಗಿತ್ತು. ನೀರುಗಂಟಿ ಬದುವಿನ ಮೇಲೆ ಕುಳಿತು ಗುದ್ದಲಿಯ ಕೆಸರು ಕೆರೆಯುತ್ತಿದ್ದ.

“ಅಣ್ಣೋ, ನನ್ನ ಗದ್ದೆಗೆ ನೀರು ಬರ್ತಾ ಅದೆ. ದೇವರಾಣೆಗೂ ನಾನು ಕಾಲುವೆ ಮುಟ್ಟಿಲ್ಲ!”

“ನಾನೇ ತಿರುಗಿಸಿದ್ದು ಕಣಪ್ಪ. ಕಾಲುವೆ ಒಡೆದೋನ ಸರದಿ ಹೋಗಬೇಕಿತ್ತು, ಹೋಯ್ತು. ಇದು ನನ್ನ ಸರದಿ. ಇದನ್ನ ಯಾರಿಗೆ ಕೊಡಬೇಕು ಅನ್ನೋಕೆ ಯಾವ ಕಟ್ಟಳೆನೂ ಇಲ್ಲ.”

ರೈತನಿಗೆ ಅಷ್ಟು ದಿನ ಬೈದದ್ದೆಲ್ಲ ಒಮ್ಮೆಲೇ ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದ. ನನಗೆ ಬೇಡ, ನಿನ್ನ ಗದ್ದೆಗೇ ಬಿಟ್ಟುಕೋ ಎಂದು ಆ ಹಸಿಮಣ್ಣಿಗೆ ಕೈ ಹಾಕಿದ. ನೀರುಗಂಟಿ ಅವನ ರಟ್ಟೆ ಹಿಡಿದು ಎಬ್ಬಿಸಿದ.

“ಇಲ್ಲಿ ಕೂತು ಅಳಬೇಡ, ನೀರು ಇಂಗೋಯ್ತದೆ. ಓಡೋಗಿ ನಿನ್ನ ಮಡೆ ತೆಗಿ.”

ರೈತ ಓಡಿದ. ಕಣ್ಣೀರು ಒರೆಸಿಕೊಳ್ಳುತ್ತಲೇ ತನ್ನ ಮಡೆ ತೆಗೆದ. ಆ ವರ್ಷ ಮುದುಕಿಯ ಗದ್ದೆ ತೆನೆ ಕಂಡಿತು, ರೈತನ ಗದ್ದೆಯೂ ಕಂಡಿತು. ನೀರುಗಂಟಿ ತನ್ನ ಗದ್ದೆಯಲ್ಲಿ ಒಣಹುಲ್ಲು ಕೊಯ್ದ.

ಇನ್ನಾಸಪ್ಪನವರು ಕತೆ ನಿಲ್ಲಿಸಿದರು. ಚೌರಪ್ಪನ ಮುಖ ಇನ್ನೂ ಸಡಿಲಾಗಿರಲಿಲ್ಲ.

“ಕದ್ದೋನ ಗದ್ದೆ ಹಸಿರಾಯ್ತಲ್ಲ ಉಪದೇಶಿಗಳೇ,” ಎಂದ. “ಹಂಗಾದ್ರೆ ನ್ಯಾಯ ಎಲ್ಲೋಯ್ತು?”

“ನೀರುಗಂಟಿಯ ಗದ್ದೆಗೆ ಹೋಯ್ತು ಚೌರಪ್ಪ, ಅಲ್ಲಿ ಒಣಗಿದ ಪೈರು ನಿಂತಿದೆ, ನೋಡಿಕೊಂಡು ಬಾ.”